ಹದಿನೆಂಟು ಫ್ಲಾಪಿಗಳ ಖಂಡೇಪೂಜೆ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಯಾರ್ಯಾರನ್ನೋ ಅನುಮಾನಿಸುತ್ತ ಕೂರುವುದು ಬೇಡ. ಆಳಂದದ ತೊಗರಿ ಬೆಳೆಗಾರರ ಸಂಘದ ಹದಿನೆಂಟು ಫ್ಲಾಪಿಗಳಿಗೆ ಮೂರು ಬೆರಳಿನಿಂದ ವಿಭೂತಿ ಬಳಿದು, ನಡುವೆ ಕುಂಕುಮ ಇಟ್ಟು, ಮೇಲೆ ಕಾಯಿನೀರು ಸುರಿದ ಕೈ ಇದೇ. ಫ್ಲಾಪಿಯ ತಗಡಿನ ಬಾಗಿಲನ್ನು ಉಗುರಿನಿಂದ ಸರಿಸಿ, ಒಳಗಿರುವ ದೇವರಿಗೂ ಸಲ್ಲಲಿ ಎಂದು ಆ ಕರಿಯ ತಟ್ಟೆಗೂ ಒಂದೊಂದು ಬೊಟ್ಟು ಇಟ್ಟವನೂ ನಾನೇ. ಅದರಿಂದಾಗಿ ಒಬ್ಬನ ದವಡೆ ಮುರಿಯಿತು, ಒಬ್ಬಾಕೆಯ ಬೆರಳು ಮುರಿಯಿತು, ನನ್ನ ಮುಂದಿನ ಎರಡು ಹಲ್ಲು ಅತನೂರಿನ ಕರಿಮಣ್ಣಿನಲ್ಲಿ ಇವತ್ತಿಗೂ ಬಿದ್ದಿವೆ. ಮೊಳೆತಿಲ್ಲ, ನೋಡಿಕೊಂಡು ಬಂದಿದ್ದೇನೆ.

ಮೊನ್ನೆ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಜೀಪಿನವನೊಬ್ಬ ಬಾನೆಟ್ಟಿನ ಮೇಲೆ ಕಾಯಿ ಒಡೆಯುತ್ತಿದ್ದ. ಕಾದ ತಗಡಿನ ಮೇಲೆ ಕಾಯಿನೀರು ಬಿದ್ದು ಸಿಹಿಯಾದ, ಸುಟ್ಟ ವಾಸನೆ ಎದ್ದಿತು. ನನ್ನ ನಾಲಿಗೆ ತಾನಾಗಿ ಹಲ್ಲಿನ ಸಂದಿಗೆ ಹೋಯಿತು. ಮೂರು ವರ್ಷದ ಹಿಂದೆ ದಸರೆಯಿಂದ ದೀಪಾವಳಿಯವರೆಗೆ ಕಳೆದ ಆ ಇಪ್ಪತ್ತು ದಿನಗಳು ಒಟ್ಟಿಗೇ ಬಂದು ಮೈಮೇಲೆ ಬಿದ್ದವು.

ಆಗ ನನಗೆ ಇಪ್ಪತ್ತೆರಡು. ಗುಲ್ಬರ್ಗಾದಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದು ಸಂಘದ ಆಪರೇಟರ್ ಆಗಿದ್ದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಸಾವಿರಕ್ಕೂ ಹೆಚ್ಚು ರೈತರು ಸಂಘದ ಸದಸ್ಯರು. ಅವರ ಹೆಸರು, ಊರು, ಷೇರಿನ ನಂಬರು ಎಲ್ಲವೂ ಒಂದೇ ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ. ಅರ್ಜಿಯ ಕಾಗದಗಳಿರಲಿಲ್ಲವೇ ಎಂದು ಕೇಳಬೇಡಿ. ಕಂಪ್ಯೂಟರ್ ಬಂದ ಮೇಲೆ ಕಾಗದ ಯಾಕೆಂದು ಅವನ್ನು ರದ್ದಿಗೆ ಹಾಕಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಸದಸ್ಯತ್ವದ ಅರ್ಜಿಯಲ್ಲಿ ಕಟ್ಟಿಕೊಟ್ಟ ಮಿರ್ಚಿಭಜಿಯನ್ನು ನಾನೇ ತಿಂದಿದ್ದೇನೆ.

ಆಪರೇಟರ್ ಎಂಬುದು ಹೆಸರಿಗೆ. ನನ್ನ ಅಸಲಿ ಕಸುಬು ದನಿ ಕದಿಯುವುದು. ನಮ್ಮ ಕಾರ್ಯದರ್ಶಿ ಗುರುಪಾದಪ್ಪನವರು ಪ್ರತಿ ಮಾತಿಗೂ ಮೊದಲು ಎರಡು ಸಲ ಒಣಕೆಮ್ಮು ಕೆಮ್ಮುತ್ತಿದ್ದರು. ಅಧ್ಯಕ್ಷರಾದ ಸಾವ್ಕಾರ್ರು ಖಾಲಿ ಡ್ರಮ್ಮಿನೊಳಗೆ ತಲೆಯಿಟ್ಟು ಮಾತಾಡಿದಂತೆ ಮಾತಾಡುತ್ತಿದ್ದರು. ಇಬ್ಬರನ್ನೂ ಅವರ ಬೆನ್ನ ಹಿಂದೆಯೇ ಮಾಡಿ ತೋರಿಸುತ್ತಿದ್ದೆ. ನನ್ನನ್ನೂ ಅಣಕಿಸಿಕೊಳ್ಳುತ್ತಿದ್ದೆ, ಆದರೆ ಅದಕ್ಕೆ ಯಾರೂ ನಗುತ್ತಿರಲಿಲ್ಲ. ಅಸಲಿಯೇ ಅಷ್ಟು ನಗೆಪಾಟಲು ಇರುವಾಗ ನಕಲಿಗೆ ಯಾರು ನಗುತ್ತಾರೆ? ನನ್ನ ಕೈಗೆ ಸಿಗದವರೆಂದರೆ ಗುಮಾಸ್ತೆ ಶಾಂತಾಬಾಯಿ ಒಬ್ಬರೇ. ಜೇವರ್ಗಿ ಕಡೆಯ ಇಜೇರಿಯವರು, ನಡುವಯಸ್ಸು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅಷ್ಟು ಸರಕಿನಲ್ಲಿ ಅಂಗಡಿ ಹಾಕುವುದು ಹೇಗೆ?

ಫ್ಲಾಪಿಯ ಪದ್ಧತಿ ಮಾಡಿದವರು ಶಾಂತಾಬಾಯಿಯೇ. ಪ್ರತಿ ಶನಿವಾರ ಪಟ್ಟಿಯನ್ನು ಮೂರು ಸಲ ನಕಲು ಮಾಡಬೇಕು. ಆರು ಫ್ಲಾಪಿ ಆಳಂದದಲ್ಲಿ, ಆರು ಅಫಜಲಪುರದ ಶಾಖೆಯಲ್ಲಿ, ಆರು ಜೇವರ್ಗಿಯಲ್ಲಿ. ‘ಯಾಕ್ರಿ ಬಾಯಾರ, ಇಷ್ಟು ತ್ರಾಸ?’ ಎಂದು ನಾನು ಕೇಳಿದ್ದಕ್ಕೆ ಅವರು, ‘ಒಂದೂರಾಗ ಬೆಂಕಿ ಬಿದ್ರ ಮೂರೂರಾಗ ಬೀಳಂಗಿಲ್ಲ’ ಎಂದು ತಮ್ಮ ಆ ದಿನದ ಮಾತಿನ ಅರ್ಧವನ್ನು ಖರ್ಚು ಮಾಡಿದ್ದರು.

ಬೆಂಕಿ ಆ ವರ್ಷ ಆಗಲೇ ಹೊಗೆಯಾಡುತ್ತಿತ್ತು. ಸಂಘದ ತಕ್ಕಡಿಯಲ್ಲಿ ಪ್ರತಿ ಚೀಲಕ್ಕೂ ಎರಡು ಕಿಲೋ ತೊಗರಿಯನ್ನು ಮಣ್ಣೆಂದು ಕಳೆಯುತ್ತಿದ್ದರು. ಕೇಳಿದವರಿಗೆ ಒದೆ. ಅತನೂರಿನ ನಮ್ಮ ಮಾವ, ಅಂದರೆ ಅಪ್ಪನ ತಂಗಿಯ ಗಂಡ, ಒಂದು ದಿನ ತಕ್ಕಡಿಯ ಮುಂದೆ ನಿಂತು, ‘ಮಣ್ಣು ಎಲ್ಲಿ ಅದ, ತೋರ್ಸ್ರಿ’ ಎಂದ. ಸಾವ್ಕಾರ್ರ ಆಳು ಅಲ್ಲೇ ಕಪಾಳಕ್ಕೆ ಬಿಟ್ಟ. ಕಿವಿಯಿಂದ ರಕ್ತ ಬಂತು, ಬಲಗಿವಿ ಶಾಶ್ವತವಾಗಿ ಹೋಯಿತು. ಮಾವನ ಮಗ ಮಲ್ಲು ನನ್ನ ವಾರಿಗೆಯವನು. ಅವನು ಊರೂರು ತಿರುಗಿ ಒಂದೆಕರೆ ಎರಡೆಕರೆಯವರನ್ನೆಲ್ಲ ಸಂಘಕ್ಕೆ ಸೇರಿಸಿದ. ದೀಪಾವಳಿ ಮುಗಿದ ಕೂಡಲೇ ಚುನಾವಣೆ. ಈ ಹೊಸ ಸದಸ್ಯರೆಲ್ಲ ಮತ ಹಾಕಿದರೆ ಸಾವ್ಕಾರ್ರ ಕುರ್ಚಿ ಹೋಗುತ್ತಿತ್ತು, ಕುರ್ಚಿಯ ಹಿಂದೆಯೇ ಆ ತಕ್ಕಡಿಯೂ. ಪಟ್ಟಿ ಇಲ್ಲವಾದರೆ ಚುನಾವಣೆಯೇ ಮುಂದಕ್ಕೆ, ಮುಂದೂಡಿದಷ್ಟು ದಿನ ಕುರ್ಚಿ ಅವರದೇ.

ಇಂಥ ಹೊತ್ತಿನಲ್ಲಿ ಖಂಡೇಪೂಜೆ ಬಂತು. ಸಾವ್ಕಾರ್ರು ಡ್ರಮ್ಮಿನ ದನಿಯಲ್ಲಿ ಅಪ್ಪಣೆ ಕೊಟ್ಟರು: ‘ಈ ಸಲ ಮೂರೂ ಊರಿನ ಆಯುಧ ಒಂದೇ ಕಡಿ ಕೂಡ್ಲಿ. ಪೂಜಿ ಭರ್ಜರಿ ಆಗ್ಬೇಕು.’ ತಕ್ಕಡಿಗಳು ಬಂದವು, ತೂಕದ ಕಲ್ಲು ಬಂದವು, ಚೀಲ ಹೊಲಿಯುವ ದಬ್ಬಣ ಬಂದವು. ನನ್ನ ಆಯುಧ ಯಾವುದು? ಒಂದು ಕಂಪ್ಯೂಟರು, ಆರು ಫ್ಲಾಪಿ. ಅಷ್ಟು ತಕ್ಕಡಿಗಳ ಮುಂದೆ ಅದು ಬಡವರ ಮನೆಯ ಮದುವೆಯಂತೆ ಕಂಡಿತು. ಶಾಂತಾಬಾಯಿ ವಿಜಯದಶಮಿಗೆ ಬುದ್ಧವಂದನೆಗೆಂದು ಇಜೇರಿಗೆ ಹೋಗಿದ್ದರು. ತಡೆಯುವವರಿಲ್ಲ. ಬಸ್ಸು ಹತ್ತಿ ಅಫಜಲಪುರಕ್ಕೆ ಹೋಗಿ ಆರು, ಜೇವರ್ಗಿಗೆ ಹೋಗಿ ಆರು, ಹನ್ನೆರಡನ್ನೂ ಎದೆಗೊತ್ತಿಕೊಂಡು ತಂದೆ. ನಮ್ಮ ಮಠದ ಅಯ್ಯನವರ ದನಿಯಲ್ಲಿ ಮಂತ್ರವನ್ನೂ ನಾನೇ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಯಿನೀರು ಫ್ಲಾಪಿಗಳ ಸಾಲಿನಲ್ಲಿ ಹರಿದು ಮೇಜಿನ ತುದಿಯಿಂದ ತೊಟ್ಟಿಕ್ಕಿತು.

ಮರುದಿನ ಬನ್ನಿ ಹಬ್ಬ, ರಜೆ. ಅದರ ಮರುದಿನ ಬೆಳಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡಿದವು: ಅವಧಿ ಮುಗಿದಿದೆ, ಪಾಸ್‌ವರ್ಡ್ ಕೊಡಿ, ಮೂರು ಸಲ ತಪ್ಪಿದರೆ ಎಲ್ಲವೂ ಅಳಿಸುತ್ತದೆ. ಕೆಳಗೆ ಸೋಲಾಪುರದ ಒಂದು ಫೋನ್ ನಂಬರು. ಆ ಪ್ರೋಗ್ರಾಮನ್ನು ನಮಗೆ ಮಾಡಿಕೊಟ್ಟವನು ಮಿಲಿಂದ ಎಂಬ ಸೋಲಾಪುರದ ಹುಡುಗ. ಮಾಡುವಾಗಲೇ ಒಳಗೊಂದು ಬೀಗ ಅಡಗಿಸಿಟ್ಟಿದ್ದ. ಚುನಾವಣೆಯ ಹೊತ್ತು ನೋಡಿ ಅದು ಬೀಳುವಂತೆ ತಾರೀಖನ್ನೂ ಇಟ್ಟಿದ್ದ. ಹೆದರಲಿಲ್ಲ ನಾನು. ಫ್ಲಾಪಿ ಇವೆಯಲ್ಲ! ಮೊದಲನೆಯದನ್ನು ತೂರಿಸಿದೆ. ‘ಕರ್ರ್... ಕರ್ರ್... ಟಕ್’ ಎಂದಿತು ಯಂತ್ರ. ಎರಡನೆಯದು, ಕರ್ರ್ ಟಕ್. ಹದಿನೆಂಟನೆಯ ಹೊತ್ತಿಗೆ ಆ ಶಬ್ದವನ್ನು ನಾನು ಕಣ್ಣೀರಿನೊಡನೆ ಎಷ್ಟು ಚೆನ್ನಾಗಿ ಕಲಿತಿದ್ದೆನೆಂದರೆ, ಈಗಲೂ ಯಾರಾದರೂ ಕೇಳಿದರೆ ಮಾಡಿ ತೋರಿಸುತ್ತೇನೆ.

ಸುದ್ದಿ ತಿಳಿದ ಕಾರ್ಯದರ್ಶಿಗಳು ಎರಡು ಸಲ ಕೆಮ್ಮಿ, ಮೂಲವ್ಯಾಧಿಯೆಂದು ರಜೆ ಹಾಕಿದರು. ನಾನು ಎಸ್‌ಟಿಡಿ ಬೂತಿಗೆ ಓಡಿ, ಮಿಲಿಂದನಿಗೆ ಸಾವ್ಕಾರ್ರ ದನಿಯಲ್ಲಿ ಗುಡುಗಿದೆ: ‘ಏ ಹುಡ್ಗಾ, ಅಧ್ಯಕ್ಷ ಮಾತಾಡಾಕತ್ತೇನಿ. ಬೀಗ ತಗೀತಿಯೋ, ಚರ್ಮ ಸುಲೀಲೋ?’

ಆ ಕಡೆಯಿಂದ ನಗು ಬಂತು. ‘ಅರೇ ಬಾಬಾ, ಅಧ್ಯಕ್ಷರು ಈಗರ ಫೋನ್ ಮಾಡಿ ಇಟ್ರು. ಇಬ್ಬಿಬ್ರು ಅಧ್ಯಕ್ಷರು ಇದ್ರ ಇಪ್ಪತ್ತೈದು ಸಾವಿರ ಎರಡು ಸಲ ಕೊಡ್ರಿ. ಆ ಅಧ್ಯಕ್ಷರಂತೂ ಕೊಡಂಗಿಲ್ಲ ಅಂದ್ರು. ಬೀಗ ಹಾಂಗೇ ಇರ್ಲಿ, ಯಾರು ಬಂದ್ರೂ ತಗೀಬ್ಯಾಡ ಅಂದ್ರು.’

ಅಂದೇ ಸಂಜೆ ಸಾವ್ಕಾರ್ರು ಸಭೆ ಕರೆದು, ‘ಸಂಘದ ಒಂದು ಪೈಸಾನೂ ಕಳ್ಳಗ ಕೊಡಂಗಿಲ್ಲ’ ಎಂದು ಮೇಜು ಗುದ್ದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಭ್ಯಾಸಬಲದಿಂದ ನಾನೂ ತಟ್ಟಿದೆ. ಕಳ್ಳನ ಬೀಗ ಅವರ ಕುರ್ಚಿಗೆ ಕಾವಲಾಗಿತ್ತು.

ಹಿಂಗಾರು ಮಳೆ ಹಿಡಿದಿತ್ತು. ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು, ಕರಿಮಣ್ಣು ಚಪ್ಪಲಿಯನ್ನು ಕಿತ್ತುಕೊಂಡು ಕಳಿಸುತ್ತಿತ್ತು. ಅತನೂರಿನ ಮಾವನ ಪಡಸಾಲೆಯಲ್ಲಿ ಜನ ಸೇರಿದರು. ಹಿರಿಯರು, ‘ಮನಿಗಿ ಇಷ್ಟು ಅಂತ ಕೂಡಿಸಿ ಆ ಹುಡುಗನ ಬಾಯಿಗಿ ಹಾಕೋಣು’ ಎಂದರು. ಇಜೇರಿಯಿಂದ ಬಂದಿದ್ದ ಶಾಂತಾಬಾಯಿ, ‘ಬ್ಯಾಡ್ರಿ. ಈ ವರ್ಷ ಕೊಟ್ರ ಮುಂದಿನ ವರ್ಷ ಅವನೇ ತಾರೀಖು ಹೇಳಿ ಬರ್ತಾನ’ ಎಂದರು. ಅವರು ಹೋದ ಮೇಲೆ ಮಲ್ಲು ನನ್ನ ಕೊರಳಪಟ್ಟಿ ಹಿಡಿದ.

‘ಲೇ ಚನ್ನ್ಯಾ, ನಿನ್ನ ಗಂಟಲಿನ್ಯಾಗ ಹತ್ತು ಮಂದಿ ಅದಾರಲ್ಲ, ಅವರಾಗ ಒಬ್ಬನ್ನ ಕೆಲಸಕ್ಕ ಹಚ್ಚು. ಕರಸು ಅವನಿಗಿ.’

ಕರೆಸಿದೆ. ಎರಡು ಒಣಕೆಮ್ಮು ಕೆಮ್ಮಿ, ಗುರುಪಾದಪ್ಪನವರಾಗಿ, ‘ರೊಕ್ಕ ತಯಾರ್ ಅದ, ಐತವಾರ ಮಧ್ಯಾಹ್ನ ಆಫೀಸಿಗಿ ಬಂದ್ಬಿಡಪಾ’ ಎಂದೆ. ಇದು ನನ್ನ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ಫ್ಲಾಪಿಗೆ ನೋವಾಗುವುದಿಲ್ಲ.

ಭಾನುವಾರ ಮಿಲಿಂದ ಬಂದ. ನನ್ನಷ್ಟೇ ವಯಸ್ಸು, ಸಣ್ಣ ದೇಹ, ದಪ್ಪ ಕನ್ನಡಕ, ಬಿಳಿಯ ಕ್ಯಾನ್‌ವಾಸ್ ಬೂಟು. ಬಾಗಿಲು ಹಾಕಿದ್ದೇ ತಡ, ಮಲ್ಲುವಿನ ಮೊದಲ ಏಟಿಗೆ ಕನ್ನಡಕ ಹಾರಿ ಗೋಡೆಗೆ ಬಡಿಯಿತು. ಆಮೇಲೆ ನಾಲ್ವರು. ಒಣಗಿದ ತೊಗರಿ ಕಟಿಗೆ ಮೈಮೇಲೆ ಮುರಿಯುವಾಗ ಚಟ್ ಎಂದು ಶಬ್ದ ಬರುತ್ತದೆ. ಅದನ್ನು ಕೇಳಿದವರು ಅಣಕಿಸುವುದಿಲ್ಲ. ನಾನು ಕಂಪ್ಯೂಟರಿನ ಮುಂದೆ ಕೂತಿದ್ದೆ, ಕೀಲಿಗಳ ಮೇಲೆ ಬೆರಳಿಟ್ಟುಕೊಂಡು.

‘ಪಾಸ್‌ವರ್ಡ್ ಹೇಳಲೇ ಮಗನ!’

‘ನೆನಪಿಲ್ರಿ... ಖರೇನೇ ನೆನಪಿಲ್ಲ. ಉದ್ದ ಅದ, ಸೋಲಾಪುರದಾಗ ನೋಟ್‌ಬುಕ್ಕಿನ್ಯಾಗ ಬರದಿಟ್ಟೇನಿ. ನಡೀರಿ, ತೋರಿಸ್ತೇನಿ. ಹೊಡೀಬ್ಯಾಡ್ರಿ.’

‘ಸೋಲಾಪುರಕ್ಕ ಒಯ್ದು ನಿನ್ನ ಮಂದಿ ಕೈಲೆ ನಮಗ ಬಡಿಸ್ತಿ ಏನು?’ ಮಲ್ಲು ಬೂಟುಗಾಲಿನಿಂದ ಒದ್ದ. ದವಡೆ ಮುರಿದದ್ದು ಆಗಲೇ. ಬಾಯಿಂದ ನೆತ್ತರು ಸುರಿಯುತ್ತಿದ್ದರೂ ಮಿಲಿಂದ ಏಟು ನಿಂತರೆ ಸಾಕೆಂದು ಏನೋ ಒಂದು ಹೆಸರು ಹೇಳಿದ. ಒತ್ತಿದೆ. ತಪ್ಪು. ಮತ್ತೆ ಕಟಿಗೆ. ಇನ್ನೊಂದು ಹೇಳಿದ. ಅದೂ ತಪ್ಪು.

‘ಮಲ್ಲೂ, ಇನ್ನ ಒಂದೇ ಸಲ ಉಳಿದದ. ತಪ್ಪಿದ್ರ ಎಲ್ಲಾ ಹೋಗ್ತದ. ನೋಟ್‌ಬುಕ್ಕೇ ತರ್ಸೋಣಲೇ’ ಎಂದೆ. ಅದು ನನ್ನ ದನಿ. ನನ್ನ ಸ್ವಂತ ದನಿಗೆ ಯಾವತ್ತೂ ಬೆಲೆ ಇರಲಿಲ್ಲ.

‘ಅಂಜಿಸಾಕತ್ತಾನ ಅಷ್ಟೇ. ಒತ್ತು!’ ಎಂದು ಅವನು ಕಟಿಗೆಯನ್ನು ನನ್ನ ಕತ್ತಿಗೆ ಒತ್ತಿದ. ಮಿಲಿಂದ ಅಳುತ್ತ ತನ್ನ ತಾಯಿಯ ಹೆಸರು ಹೇಳಿದ. ನಾನು ಆ ಹೆಸರನ್ನು ಒತ್ತಿದೆ. ಪರದೆ ಒಮ್ಮೆ ಮಿಣುಕಿ ಖಾಲಿಯಾಯಿತು. ಮೂರು ತಾಲೂಕಿನ ಜನ ಒಂದೇ ಕ್ಷಣದಲ್ಲಿ ಮಾಯ.

ಎರಡು ಮನೆ ಆಚೆ ಬಾಡಿಗೆಗಿದ್ದ ಶಾಂತಾಬಾಯಿ ಚೀರಾಟ ಕೇಳಿ ಬಂದು ಬಾಗಿಲು ದಬ್ಬಿದರು. ನೆಲದ ಮೇಲಿನವನನ್ನು ನೋಡಿದರು, ಪರದೆಯನ್ನು ನೋಡಿದರು, ಮಲ್ಲುವಿನ ಕೈಯ ಕಟಿಗೆಯನ್ನು ನೋಡಿದರು. ಸೀದಾ ಬಂದು ನನ್ನ ಕಪಾಳಕ್ಕೆ ಬಾರಿಸಿದರು.

‘ನನಗ್ಯಾಕ್ರಿ ಬಾಯಾರ? ಹೊಡೆದವ ಅವ!’

‘ಅವನು ಸಿಟ್ಟಿನ್ಯಾಗ ಅದಾನ. ನೀ ಶ್ಯಾಣ್ಯಾ ಇದ್ದಿ’ ಎಂದರು.

ಮಿಲಿಂದನನ್ನು ಆಟೋದಲ್ಲಿ ದವಾಖಾನೆಗೆ ಒಯ್ದವರು ಅವರೇ. ಅವನು ಬಿದ್ದು ಪೆಟ್ಟಾಯಿತೆಂದು ಬರೆಸಿದ. ನಿಜ ಹೇಳಿದರೆ ತನ್ನ ಬೀಗದ ಮಾತೂ ಹೊರಬರುತ್ತಿತ್ತು. ಮರುದಿನ ಶಾಂತಾಬಾಯಿ ಮಲ್ಲುವನ್ನೂ ನನ್ನನ್ನೂ ಎದುರಿಗೆ ಕೂಡಿಸಿಕೊಂಡರು.

‘ಷೇರು ತಗೊಂಡಾಗ ಕೊಟ್ಟ ರಸೀದಿ ಎಲ್ಲಿ ಅವ?’

‘ಅವರವರ ಮನ್ಯಾಗ’ ಎಂದ ಮಲ್ಲು.

‘ಹಾಂಗಂದ್ರ ಪಟ್ಟಿ ಎಲ್ಲಿ ಅದ?’

‘ಮನಿಮನ್ಯಾಗ’ ಎನ್ನುತ್ತ ಮಲ್ಲು ಎದ್ದು ಚಪ್ಪಲಿ ಮೆಟ್ಟಿದ. ಚುನಾವಣಾಧಿಕಾರಿಯೂ ರಸೀದಿ ನೋಡಿ, ಸಹಿ ಹೆಬ್ಬೆಟ್ಟು ತೆಗೆದುಕೊಂಡು ಬರೆದ ಪಟ್ಟಿಯಾದರೆ ಪರಿಶೀಲಿಸುವುದಾಗಿ ಹೇಳಿದರು. ನಮಗೆ ಹನ್ನೆರಡು ದಿನವಿತ್ತು.

ಆ ಹನ್ನೆರಡು ದಿನ ಮೂರು ತಾಲೂಕಿನ ಕೆಸರನ್ನೆಲ್ಲ ಮೊಣಕಾಲಿನವರೆಗೆ ಮೆತ್ತಿಕೊಂಡೆವು. ಜನ ರಸೀದಿಯನ್ನು ಎಲ್ಲೆಲ್ಲಿ ಇಟ್ಟಿದ್ದರೆಂದರೆ, ಜೋಳದ ಹಗೇವಿನ ಬಾಯಲ್ಲಿ, ಕೌದಿಯ ಹೊಲಿಗೆಯೊಳಗೆ, ಬಸವಣ್ಣನ ಫೋಟೊದ ಹಿಂದೆ, ಬುದ್ಧನ ಫೋಟೊದ ಹಿಂದೆ. ಇಜೇರಿಯ ಒಬ್ಬ ಅಜ್ಜಿ ಅದನ್ನು ಎಲೆಯಡಿಕೆ ಸಂಚಿಯಲ್ಲಿಟ್ಟಿದ್ದಳು. ಸುಣ್ಣ ಮೆತ್ತಿ ನಂಬರಷ್ಟೇ ಕಾಣುತ್ತಿತ್ತು. ‘ನಂಬರ್ ಸಾಕಲ್ಲೋ ಯಪ್ಪಾ, ಹೆಸರು ನಾ ಹೇಳ್ತೇನಿ’ ಎಂದಳು. ಶಾಂತಾಬಾಯಿ ಪ್ರತಿ ಹಾಳೆಯನ್ನೂ ಕಾರ್ಬನ್ ಕಾಗದ ಹಾಕಿ ಮೂರು ಪ್ರತಿ ಬರೆದು, ಮೂರಕ್ಕೂ ಸಹಿ ಹೆಬ್ಬೆಟ್ಟು ಹಾಕಿಸುತ್ತಿದ್ದರು. ಮೂರನ್ನೂ ಬೇರೆ ಬೇರೆ ಮನೆಗೆ ಕಳಿಸುತ್ತಿದ್ದರು, ಯಾವುದು ಎಲ್ಲಿಗೆಂದು ನನಗೆ ಹೇಳುತ್ತಿರಲಿಲ್ಲ. ‘ನೀ ಪೂಜಿಗಿ ಕೂಡಿಸ್ತಿ’ ಎಂದಿದ್ದರು.

ಸಾವ್ಕಾರ್ರ ಆಳುಗಳು ನಮ್ಮ ಹಿಂದೆಯೇ ಇದ್ದರು. ಒಂದೂರಲ್ಲಿ ರಸೀದಿ ತೋರಿಸಿದವನ ಎತ್ತಿನ ಕಾಲು ಮುರಿದರು. ಇನ್ನೊಂದೂರಲ್ಲಿ ಕಾಗದ ಕಸಿದು ಒಬ್ಬ ಮುದುಕನಿಗೆ ತಿನ್ನಿಸಿದರು. ಅತನೂರಿನಲ್ಲಿ ನಟ್ಟನಡು ಮಧ್ಯಾಹ್ನ ಮಾವನ ಜೋಳದ ಕಣಿಕೆ ಬಣವೆಗೆ, ದನಗಳ ವರ್ಷದ ಮೇವಿಗೆ, ಬೆಂಕಿಯಿಟ್ಟರು. ನಂದಿಸಲು ಓಡಿದವರ ಮೇಲೆ ಬಡಿಗೆ ಬೀಸಿದರು. ನಾನು ಕೊಡ ಎತ್ತಿಕೊಂಡು ತಿರುಗುವಷ್ಟರಲ್ಲಿ ಬಾಯಿಗೆ ಬಿತ್ತು. ನೋವಿಗಿಂತ ಮೊದಲು, ಹಲ್ಲೆರಡು ನಾಲಿಗೆಯ ಮೇಲೆ ಕಡಲೆಕಾಳಿನಂತೆ ಉರುಳಾಡಿದ್ದು ಗೊತ್ತಾಯಿತು. ಶಾಂತಾಬಾಯಿ ಕಟ್ಟೆಯ ಮೇಲೆ ಬರೆಯುತ್ತಿದ್ದರು. ಒಬ್ಬ ಹಾಳೆಗೆ ಕೈ ಹಾಕಿದ, ಅವರು ಎಡಗೈಯಿಂದ ಒತ್ತಿ ಹಿಡಿದರು. ಅವನು ಆ ಕೈಯ ಮೇಲೆಯೇ ಬಡಿಗೆ ಇಳಿಸಿದ. ಕಿರುಬೆರಳು ಹಿಂದಕ್ಕೆ ಮಡಚಿಕೊಂಡಿತು. ಮಲ್ಲು ಕುಡಗೋಲು ಹಿಡಿದು ಓಡಿಬಂದು ಅವನ ತೋಳು ಸೀಳದಿದ್ದರೆ ಆ ಕೈಯೇ ಉಳಿಯುತ್ತಿರಲಿಲ್ಲ. ಬಣವೆ ಉರಿದು ಕುಸಿಯಿತು. ಶಾಂತಾಬಾಯಿ ಬೆರಳಿಗೆ ಸೆರಗಿನ ಅಂಚು ಸುತ್ತಿಕೊಂಡು, ‘ಮುಂದಿನ ಹೆಸರು ಹೇಳು’ ಎಂದರು. ಹೇಳಲು ಹೋದೆ. ರಕ್ತದ ಜೊತೆ ಬರೀ ಗಾಳಿ ಬಂತು.

ಪಟ್ಟಿ ಒಪ್ಪಿಸುವ ದಿನ ಮಳೆ ಬಿಟ್ಟಿತ್ತು. ಮೂರೂ ಕಡೆಯಿಂದ ಬಸ್ಸು, ಟ್ರ್ಯಾಕ್ಟರು, ಚಕ್ಕಡಿಗಳಲ್ಲಿ ಜನ ಬಂದು ಆಫೀಸಿನ ಮುಂದೆ ತುಂಬಿದರು. ಗೇಟಿನಲ್ಲಿ ಸಾವ್ಕಾರ್ರ ಮೂವತ್ತು ಜನ, ಬಡಿಗೆ, ಸೈಕಲ್ ಚೈನು. ಮೊದಲ ಕಲ್ಲು ಯಾರದೋ ತಿಳಿಯದು, ಎರಡನೆಯದು ನಮ್ಮವರದು. ಆಮೇಲೆ ಎಣಿಸಲಿಲ್ಲ. ಹಣೆ ಒಡೆದವರು ಅಂಗಿಯಿಂದ ಒರೆಸಿಕೊಂಡು ಮತ್ತೆ ನುಗ್ಗುತ್ತಿದ್ದರು. ನಾನು ಗೋಡೆಯ ಹಿಂದೆ ನಿಂತು ಪೊಲೀಸ್ ಸಾಹೇಬರ ದನಿಯಲ್ಲಿ, ‘ಲಾಠಿ ಚಾರ್ಜ್!’ ಎಂದು ಕೂಗಿದೆ. ಮುಂದಿನ ಹಲ್ಲಿಲ್ಲದ ಬಾಯಿಂದ ಅದು ಪ್ರೆಶರ್ ಕುಕ್ಕರಿನ ಸೀಟಿಯಂತೆ ಹೊರಬಂತು. ಗೇಟಿನವರು ಒಂದು ಕ್ಷಣ ಹೊಟ್ಟೆ ಹಿಡಿದು ನಕ್ಕು, ಆಮೇಲೆ ಬಂದು ನನ್ನನ್ನು ಬಡಿದರು.

ಶಾಂತಾಬಾಯಿಯ ಕೈಯಲ್ಲಿದ್ದ ಪಟ್ಟಿಯನ್ನು ಗೇಟಿನಲ್ಲೇ ಕಸಿದು ಹರಿದು ಕೆಸರಿಗೆ ತುಳಿದರು. ಅವರು ತಿರುಗಿಯೂ ನೋಡದೆ ಒಳಗೆ ನಡೆದರು. ಯಾಕೆಂದರೆ ಎರಡನೆಯ ಪ್ರತಿಯನ್ನು ರುಮಾಲಿನೊಳಗೆ ಸುತ್ತಿಕೊಂಡಿದ್ದ ನಮ್ಮ ಮಾವ ಆ ಗದ್ದಲದ ನಡುವೆಯೇ ಸೀದಾ ನಡೆದು ಹೋಗುತ್ತಿದ್ದ. ‘ಏ ಮುದ್ಕಾ, ನಿಂದ್ರು!’ ಎಂದು ಕೂಗಿದವರು ಬಲಗಡೆ ನಿಂತಿದ್ದರು. ಆ ಕಿವಿಯನ್ನು ಹಿಂದೆ ಅವರೇ ಕೆಡಿಸಿದ್ದು. ಮಾವ ಮೆಟ್ಟಿಲು ಹತ್ತಿ, ಒಳಗೆ ಹೋಗಿ, ರುಮಾಲು ಬಿಚ್ಚಿ, ಅಧಿಕಾರಿಯ ಮೇಜಿನ ಮೇಲೆ ಕಟ್ಟು ಇಟ್ಟ.

ನಾನು ಕಿಟಕಿಯ ಸರಳು ಹಿಡಿದು ಒಳಗೆ ಇಣುಕಿದೆ. ಅಧಿಕಾರಿ ಹಾಳೆ ತಿರುವುತ್ತಿದ್ದರು. ಶಾಂತಾಬಾಯಿ ಮೇಜಿನ ಪಕ್ಕ ನಿಂತಿದ್ದರು, ಬೆರಳಿನ ಪಟ್ಟಿಯಿಂದ ರಕ್ತ ಒಸರುತ್ತಿತ್ತು. ಅಧ್ಯಕ್ಷರ ಕುರ್ಚಿಯಲ್ಲಿ ಕೂತ ಸಾವ್ಕಾರ್ರು ಹೊರಗಿನ ಗಲಾಟೆಯೇ ಕೇಳಿಸದವರಂತೆ ಕಾಲಮೇಲೆ ಕಾಲು ಹಾಕಿದ್ದರು.

‘ಈ ಕೈಬರಹ ನಡೆಯಂಗಿಲ್ಲ ಸಾಹೇಬ್ರ’ ಎಂದರು ಡ್ರಮ್ಮಿನ ದನಿಯಲ್ಲಿ. ‘ಕಂಪ್ಯೂಟರಿನ್ಯಾಗ ಹೆಸರಿದ್ದವನೇ ಸದಸ್ಯ ಅಂತ ಸಂಘದ ಠರಾವು ಅದ, ನನ್ನ ಸಹಿ ಅದ ಅದರ ಮ್ಯಾಲ. ಅದರಾಗ ಹೆಸರಿಲ್ಲದವರು ಇಲ್ಲಿ ಬಂದು ಮಾತಾಡಂಗಿಲ್ಲ, ಈ ಖೋಲ್ಯಾಗ ಕುಂದ್ರಂಗೂ ಇಲ್ಲ.’

ಅಧಿಕಾರಿ ಶಾಂತಾಬಾಯಿಯ ಕಡೆ ನೋಡಿದರು. ಶಾಂತಾಬಾಯಿ ಸೆರಗು ಸರಿಮಾಡಿಕೊಂಡು ಹೇಳಿದರು:

‘ಖರೇ ಅದ ರೀ ಅಧ್ಯಕ್ಷರ. ಅದರಾಗ ಈಗ ನಿಮ್ಮ ಹೆಸರೂ ಇಲ್ಲ. ಏಳ್ರಿ, ಹೊರಗ ಹೋಗಿ ಸಾಲಿನ್ಯಾಗ ನಿಂದರ್ರಿ. ರಸೀದಿ ತಂದಿದ್ರ ಒಳಗ ಕರೀತೇನಿ.’